ಮೇಕಪ್ ಆರ್ಟಿಸ್ಟ್ ಆಗಬೇಕಾ? ಲೈಸೆನ್ಸ್ ಹುಡುಕುವ ಮೊದಲು ಇಷ್ಟು ನೋಡಿಕೊಳ್ಳಿ

"ಅಕ್ಕಾ, ಮೇಕಪ್ ಮಾಡೋಕೆ ಲೈಸೆನ್ಸ್ ಎಲ್ಲಿ ಮಾಡಿಸಬೇಕು?"

ತಿಂಗಳಿಗೆ ಎರಡು ಮೂರು ಸಲವಾದರೂ ನನಗೆ ಈ ಫೋನ್ ಬರುತ್ತದೆ. ಕೇಳುವವರು ಹೆಚ್ಚಾಗಿ ಪಿಯುಸಿ ಮುಗಿಸಿದ ಹುಡುಗಿಯರು. ಇಲ್ಲವೇ ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಸ್ವಲ್ಪ ಬಿಡುವು ಸಿಕ್ಕ ತಾಯಂದಿರು. ಈಚೆಗೆ ಹುಡುಗರೂ ಕೇಳುತ್ತಾರೆ.

ಉತ್ತರ ಚಿಕ್ಕದು. ನಮ್ಮ ದೇಶದಲ್ಲಿ ಮೇಕಪ್ ಮಾಡುವವರಿಗೆ ಅಂತಲೇ ಯಾವ ಲೈಸೆನ್ಸೂ ಇಲ್ಲ. ಡಾಕ್ಟರಿಗೆ, ವಕೀಲರಿಗೆ ಇದ್ದ ಹಾಗೆ ಒಂದು ಕೌನ್ಸಿಲ್ ಇಲ್ಲ, ಪಾಸಾಗಲೇಬೇಕಾದ ಪರೀಕ್ಷೆ ಇಲ್ಲ. ಇವತ್ತು ಬ್ರಷ್ ಕೊಂಡವರು ನಾಳೆ ಬೋರ್ಡ್ ಹಾಕಬಹುದು. ಲೈಸೆನ್ಸ್ ಬೇಕಾಗುವುದು ಅಂಗಡಿಗೆ, ನಿಮ್ಮ ಕೈಗಲ್ಲ.

ಇದನ್ನು ಕೇಳಿದವರಿಗೆ ಖುಷಿಯಾಗುತ್ತದೆ. ನನಗೆ ಅಷ್ಟೇನೂ ಖುಷಿಯಿಲ್ಲ. "ಲೈಸೆನ್ಸ್ಡ್ ಇಂಟರ್‌ನ್ಯಾಷನಲ್ ಮೇಕಪ್ ಆರ್ಟಿಸ್ಟ್" ಎಂದು ಬಂಗಾರದ ಬಣ್ಣದಲ್ಲಿ ಅಚ್ಚು ಹಾಕಿದ ಸರ್ಟಿಫಿಕೇಟುಗಳು ಮಾರಾಟವಾಗುವುದು ಇದೇ ಕಾರಣಕ್ಕೆ. ನಾನೂ ಒಂದು ಕೊಂಡವಳೇ. ಹದಿನೈದು ದಿನದ ಕೋರ್ಸು, ಅಮ್ಮನ ಬಳೆ ಅಡ ಇಟ್ಟು ಕಟ್ಟಿದ ಫೀಸು. ಅಷ್ಟು ದಿನದಲ್ಲಿ ಬೇರೆಯವರ ಮುಖದ ಮೇಲೆ ನನ್ನ ಕೈ ಆಡಿದ್ದು ಎರಡೇ ಸಲ. ಉಳಿದ ದಿನವೆಲ್ಲ ಕುರ್ಚಿಯಲ್ಲಿ ಕೂತು, ಮೇಡಂ ಮಾಡುವುದನ್ನು ಮೊಬೈಲಿನಲ್ಲಿ ತೆಗೆದುಕೊಂಡೆವು. ಆ ಸರ್ಟಿಫಿಕೇಟ್ ತೋರಿಸಿ ಅಂತ ಇವತ್ತಿನವರೆಗೆ ಒಬ್ಬ ಮದುಮಗಳ ತಾಯಿಯೂ ಕೇಳಿಲ್ಲ.

ಹಾಗಾಗಿ ಎಲ್ಲಿ ಕಲಿಯಬೇಕು, ಎಲ್ಲಿ ದುಡ್ಡು ಹಾಕಬೇಕು, ಯಾವ ಕಾಗದ ನಿಜಕ್ಕೂ ಬೇಕು ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ. ನಾನು ಮಾಡಿದ್ದನ್ನು ತಿರುಗುಮುರುಗು ಮಾಡಿದರೆ ಸಾಕು.

ಮೊದಲು: ಯಾವ ಮೇಕಪ್?

ಮದುವೆ, ಸಿನಿಮಾ, ರಂಗಭೂಮಿ. ಹೊರಗಿನಿಂದ ನೋಡುವವರಿಗೆ ಎಲ್ಲವೂ ಬಣ್ಣ ಹಚ್ಚುವ ಕೆಲಸವೇ. ಒಳಗೆ ಬಂದರೆ ಮೂರೂ ಬೇರೆ ಬೇರೆ ಕಸುಬು.

ರಂಗಭೂಮಿಯವರು ಇದನ್ನು ಪ್ರಸಾಧನ ಎನ್ನುತ್ತಾರೆ. ಕೊನೆಯ ಸಾಲಿನಲ್ಲಿ ಕೂತವರಿಗೂ ಮುಖ ಓದಿಸಬೇಕು, ಮೂವತ್ತರ ನಟನನ್ನು ಎಪ್ಪತ್ತರ ಮುದುಕ ಮಾಡಬೇಕು. ಇದನ್ನು ಕಲಿಯುವ ಆಸೆ ಇದ್ದರೆ ಬ್ಯೂಟಿ ಅಕಾಡೆಮಿಗೆ ಹೋಗಬೇಡಿ. ಹೆಗ್ಗೋಡಿನಲ್ಲಿ 1980ರಿಂದ ನಡೆಯುತ್ತಿರುವ ನೀನಾಸಂ ರಂಗಶಿಕ್ಷಣ ಕೇಂದ್ರದಂಥ ಕಡೆ ನಾಟಕದ ಜೊತೆಗೇ ಇದನ್ನೂ ಕಲಿಯಬಹುದು. ಯಕ್ಷಗಾನದ್ದು ಇನ್ನೂ ಬೇರೆ ಲೋಕ. ಅಲ್ಲಿ ವೇಷಧಾರಿ ಚೌಕಿಯಲ್ಲಿ, ಅಂದರೆ ಬಣ್ಣದ ಕೋಣೆಯಲ್ಲಿ, ಕನ್ನಡಿ ಹಿಡಿದು ಕೂತು ತನ್ನ ಮುಖಕ್ಕೆ ತಾನೇ ಬಣ್ಣ ಬರೆದುಕೊಳ್ಳುತ್ತಾನೆ. ರಾಕ್ಷಸ ಪಾತ್ರಗಳ ಬಣ್ಣದ ವೇಷಕ್ಕೆ ಅಕ್ಕಿ ಹಿಟ್ಟಿನ ಚುಟ್ಟಿ, ಅಂದರೆ ಮುಖದ ಮೇಲೆ ಉಬ್ಬು ಚುಕ್ಕಿ, ಇಡುವುದನ್ನು ಒಮ್ಮೆ ಹತ್ತಿರದಿಂದ ನೋಡಿ. ತಾಳ್ಮೆ ಅಂದರೆ ಏನು ಅಂತ ಗೊತ್ತಾಗುತ್ತದೆ.

ಸಿನಿಮಾ, ಧಾರಾವಾಹಿಯಲ್ಲಿ ಸರ್ಟಿಫಿಕೇಟಿಗಿಂತ ಸಂಘದ ಕಾರ್ಡಿಗೆ ಬೆಲೆ. ಸಾಮಾನ್ಯವಾಗಿ ಒಬ್ಬ ಹಿರಿಯರ ಕೈಕೆಳಗೆ ಸಹಾಯಕರಾಗಿ ಸೇರಿ, ಆಮೇಲೆ ಸದಸ್ಯತ್ವ ಪಡೆಯುವುದು ರೂಢಿ. ಹೆಣ್ಣುಮಕ್ಕಳು ಇಲ್ಲಿ ಒಂದು ಕತೆ ತಿಳಿದಿರಬೇಕು. ಮುಂಬೈನ ಸಿನಿಮಾ ಮೇಕಪ್ ಸಂಘ ದಶಕಗಳ ಕಾಲ ಹೆಂಗಸರಿಗೆ ಮೇಕಪ್ ಕಾರ್ಡ್ ಕೊಡುತ್ತಲೇ ಇರಲಿಲ್ಲ. ಅವರು ಕೂದಲು ಕಟ್ಟುವ ಕೆಲಸ ಮಾತ್ರ ಮಾಡಬೇಕಿತ್ತು. ಚಾರು ಖುರಾನಾ ಎಂಬ ಮೇಕಪ್ ಕಲಾವಿದೆ ಸುಪ್ರೀಂ ಕೋರ್ಟಿಗೆ ಹೋದರು. 2014ರ ನವೆಂಬರ್‌ನಲ್ಲಿ ಕೋರ್ಟು ಆ ನಿಯಮವನ್ನೇ ಕಿತ್ತುಹಾಕಿತು. 5 ವರ್ಷ ಮಹಾರಾಷ್ಟ್ರದಲ್ಲಿ ವಾಸವಿರಬೇಕು ಎಂಬ ಷರತ್ತೂ ಅದರ ಜೊತೆಗೇ ಹೋಯಿತು. ಯಾವ ಸೆಟ್ಟಿನಲ್ಲಾದರೂ "ಹೆಂಗಸರಿಗೆ ಮೇಕಪ್ ಕೆಲಸ ಇಲ್ಲ" ಅಂದರೆ ಈ ತೀರ್ಪು ನೆನಪಿರಲಿ.

ಕನ್ನಡದವರೂ ಈ ಕೆಲಸದಲ್ಲಿ ಹಿಂದೆ ಬಿದ್ದವರಲ್ಲ. 62ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಅತ್ಯುತ್ತಮ ಪ್ರಸಾಧನದ ಪ್ರಶಸ್ತಿ ಬಂದದ್ದು 'ನಾನು ಅವನಲ್ಲ... ಅವಳು' ಚಿತ್ರಕ್ಕೆ ಕೆಲಸ ಮಾಡಿದ ನಾಗರಾಜು ಮತ್ತು ರಾಜು ಅವರಿಗೆ.

ನನ್ನ ಅನ್ನ ಮದುವೆ ಮನೆಯದು. ಹಾಗಾಗಿ ಇನ್ನು ಮುಂದೆ ಹೇಳುವುದೆಲ್ಲ ಮದುಮಗಳ ಮೇಕಪ್ಪಿನ ಬಗ್ಗೆಯೇ.

ಎಲ್ಲಿ ಕಲಿಯುವುದು: ಪುಕ್ಕಟೆ ಸಿಗುವುದನ್ನು ಮೊದಲು ನೋಡಿ

ಧರ್ಮಸ್ಥಳದ ಪಕ್ಕದ ಉಜಿರೆಯಲ್ಲಿ 1982ರಲ್ಲಿ, ಸ್ವಂತ ಉದ್ಯೋಗಕ್ಕೆ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆ ಶುರುವಾಯಿತು. ಡಾ. ವೀರೇಂದ್ರ ಹೆಗ್ಗಡೆಯವರ ಜೊತೆ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಕೈಜೋಡಿಸಿದ್ದವು. ಆ ಮಾದರಿ ಚೆನ್ನಾಗಿ ನಡೆದದ್ದರಿಂದ ಈಗ ದೇಶದ ಹೆಚ್ಚುಕಡಿಮೆ ಎಲ್ಲ ಜಿಲ್ಲೆಗಳಲ್ಲೂ ಬ್ಯಾಂಕುಗಳು ಆರ್‌ಸೆಟಿ ಎಂಬ ಹೆಸರಿನಲ್ಲಿ ಇಂಥದ್ದೇ ಕೇಂದ್ರ ನಡೆಸುತ್ತವೆ. ಇಲ್ಲಿ ಬ್ಯೂಟಿ ಪಾರ್ಲರ್ ತರಬೇತಿ ಸುಮಾರು ಒಂದು ತಿಂಗಳು ಇರುತ್ತದೆ. ಫೀಸಿಲ್ಲ. ಊಟ, ವಸತಿಯೂ ಅವರದೇ. 18 ತುಂಬಿದ, ಹಳ್ಳಿ ಕಡೆಯ, ಸ್ವಂತ ಉದ್ಯೋಗ ಮಾಡಬೇಕೆನ್ನುವವರಿಗೆ ಮೊದಲ ಅವಕಾಶ.

ಒಂದು ತಿಂಗಳಿನಲ್ಲಿ ಯಾರೂ ಮೇಕಪ್ ಆರ್ಟಿಸ್ಟ್ ಆಗುವುದಿಲ್ಲ, ಅದು ನಿಜ. ಆದರೆ ಥ್ರೆಡಿಂಗ್, ವ್ಯಾಕ್ಸಿಂಗ್, ಫೇಶಿಯಲ್, ಹೇರ್‌ಸ್ಟೈಲ್ ಕೈಗೆ ಹತ್ತುತ್ತದೆ. ಲೆಕ್ಕ ಬರೆಯುವುದನ್ನೂ ಕಲಿಸುತ್ತಾರೆ. ಆಮೇಲೆ ಬ್ಯಾಂಕ್ ಸಾಲಕ್ಕೆ ಹೋದಾಗ ಈ ತರಬೇತಿಯ ಕಾಗದ ನಿಮ್ಮ ಪರವಾಗಿ ನಾಲ್ಕು ಮಾತು ಆಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ಕೆಲಸ ನಿಮಗೆ ಇಷ್ಟವೋ ಇಲ್ಲವೋ ಅಂತ ಪುಕ್ಕಟೆಯಾಗಿ ಗೊತ್ತಾಗುತ್ತದೆ. ಬೇರೆಯವರ ಕಾಲಿನ ವ್ಯಾಕ್ಸಿಂಗ್ ಮಾಡಿದ ಮೇಲೂ ಊಟ ರುಚಿಸಿದರೆ ನೀವು ಉಳಿದುಕೊಳ್ಳುತ್ತೀರಿ.

ಒಂದು ವರ್ಷ ಕೊಡಲು ಸಾಧ್ಯವಿರುವವರು ಐಟಿಐ ನೋಡಿ. ಕಾಸ್ಮೆಟಾಲಜಿ ಎಂಬ ಟ್ರೇಡ್ ಇದೆ. ಹಿಂದೆ ಇದಕ್ಕೆ ಹೇರ್ ಅಂಡ್ ಸ್ಕಿನ್ ಕೇರ್ ಅನ್ನುತ್ತಿದ್ದರು. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು. ಕೊನೆಗೆ ದೇಶಕ್ಕೆಲ್ಲ ಒಂದೇ ಪರೀಕ್ಷೆ, ಪಾಸಾದರೆ ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟ್. ಮುಂದೆ ಟೀಚರ್ ಆಗುವ ಆಸೆ ಇರುವವರಿಗೆ ನಾನು ಹೇಳುವುದು ಇದೇ ದಾರಿ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಹೆಣ್ಣುಮಕ್ಕಳಿಗೆಂದೇ ಕೇಂದ್ರ ಸರ್ಕಾರದ ಕೌಶಲ ತರಬೇತಿ ಸಂಸ್ಥೆ ಇದೆ. ಅಲ್ಲಿ ಈಗ ಯಾವ ಕೋರ್ಸಿಗೆ ಸೀಟು ಇದೆ ಅಂತ ಹೋಗಿಯೇ ವಿಚಾರಿಸಿ.

ಮೂರನೆಯದು ಕೇಂದ್ರ ಸರ್ಕಾರದ ಸ್ಕಿಲ್ ಇಂಡಿಯಾ ಕೋರ್ಸುಗಳು. ಬ್ಯೂಟಿ ಅಂಡ್ ವೆಲ್‌ನೆಸ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಇವಕ್ಕೆ ಪಾಠಪಟ್ಟಿ ಮಾಡಿದೆ. ಅಸಿಸ್ಟೆಂಟ್ ಬ್ಯೂಟಿ ಥೆರಪಿಸ್ಟ್, ಬ್ಯೂಟಿ ಥೆರಪಿಸ್ಟ್ ಅಂತ ಮೆಟ್ಟಿಲುಗಳಿವೆ. ಮದುವೆ ಮತ್ತು ಫ್ಯಾಷನ್ ಮೇಕಪ್ಪಿಗೇ ಬೇರೆ ಕೋರ್ಸ್ ಇದೆ. ವರ್ಷಗಟ್ಟಲೆ ಪಾರ್ಲರಿನಲ್ಲಿ ದುಡಿದು ಕಾಗದ ಮಾತ್ರ ಇಲ್ಲದವರಿಗೆ ಆರ್‌ಪಿಎಲ್ ಅಂತ ಒಂದು ವ್ಯವಸ್ಥೆಯೂ ಉಂಟು. ಇರುವ ಕೈಕೆಲಸವನ್ನು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುತ್ತಾರೆ. ಮತ್ತೆ ಮೊದಲಿಂದ ಕಲಿಯಬೇಕಾಗಿಲ್ಲ.

ಇನ್ನು ಖಾಸಗಿ ಅಕಾಡೆಮಿಗಳು. ಒಳ್ಳೆಯವು ಇವೆ, ನಿಜವಾಗಿ ಒಳ್ಳೆಯವು. ಫೀಸು ಲಕ್ಷ ದಾಟುವುದೂ ಉಂಟು. ಕಟ್ಟುವ ಮೊದಲು ಬಾಗಿಲಲ್ಲೇ ನಿಂತು ಕೆಲವು ಪ್ರಶ್ನೆ ಕೇಳಿ.

ನಾನು ಒಟ್ಟು ಎಷ್ಟು ಮುಖಕ್ಕೆ ಕೈ ಹಚ್ಚುತ್ತೇನೆ? ಮೊದಲ ಪ್ರಶ್ನೆ ಇದೇ. ಇಪ್ಪತ್ತಕ್ಕಿಂತ ಕಡಿಮೆ ಅಂದರೆ ನಾನಾದರೆ ವಾಪಸ್ ಬರುತ್ತೇನೆ. ಮಾಡೆಲ್‌ಗಳನ್ನು ಯಾರು ಕರೆತರಬೇಕು, ಅವರೋ ನಾವೋ? ಎಲ್ಲ ಮಾಡೆಲ್‌ಗಳೂ ಬಿಳಿ ಬಣ್ಣದ, ಇಪ್ಪತ್ತು ವಯಸ್ಸಿನ ಹುಡುಗಿಯರೇನಾ, ಇಲ್ಲ ಐವತ್ತರ ಅಮ್ಮಂದಿರೂ ಇರುತ್ತಾರಾ? ಕಿಟ್ ಕೊಡುತ್ತೇವೆ ಅಂದರೆ ಅದರೊಳಗೆ ಏನೇನು, ಪಟ್ಟಿ ಕೊಡಿ. ಮಧ್ಯೆ ಬಿಟ್ಟರೆ ದುಡ್ಡು ವಾಪಸ್ಸಾ?

ಸರ್ಟಿಫಿಕೇಟ್ ಕೊಡುವುದು ಯಾರು ಅಂತಲೂ ಕೇಳಲೇಬೇಕು. ಅಕಾಡೆಮಿ ತಾನೇ ಅಚ್ಚು ಹಾಕುವುದಾದರೆ ಅದು ಅವರ ಹೆಸರಿನ ಬಲದ ಮೇಲೆ ನಿಂತ ಕಾಗದ, ಅಷ್ಟೇ. ಸರ್ಕಾರದ ಮಾನ್ಯತೆ ಇದೆ ಅಂದರೆ ಕೌಶಲ ತರಬೇತಿಗೆ ಮಾನ್ಯತೆ ಕೊಡುವ ಕೇಂದ್ರ ಸರ್ಕಾರದ ಎನ್‌ಸಿವಿಇಟಿ ಒಪ್ಪಿದ ಸಂಸ್ಥೆಯಾ ಅಂತ ಕೇಳಿ, ಸ್ಕಿಲ್ ಇಂಡಿಯಾ ಡಿಜಿಟಲ್ ತಾಣದಲ್ಲಿ ಕೋರ್ಸಿನ ಹೆಸರು ಹುಡುಕಿ. "ಇಂಟರ್‌ನ್ಯಾಷನಲ್" ಅಂದರೆ ಯಾವುದು ಅಂತ ಹೆಸರು ಹೇಳಿಸಿ. ಸಿಡೆಸ್ಕೋ ಅಂತ ಒಂದಿದೆ. 1946ರಲ್ಲಿ ಶುರುವಾದದ್ದು, ಕಚೇರಿ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ. ಬ್ರಿಟನ್ನಿನ ಸಿಬ್‌ಟ್ಯಾಕ್, ಐಟೆಕ್ ಇವೆ. ಇವುಗಳಿಗೆ ಹೊರಗಿನಿಂದ ಪರೀಕ್ಷಕರು ಇರುತ್ತಾರೆ, ಪರೀಕ್ಷೆಗೆ ಬೇರೆ ಫೀಸೂ ಇರುತ್ತದೆ. ಪರೀಕ್ಷೆಯೇ ಇಲ್ಲದೆ ಕೊನೆಯ ದಿನ ಫೋಟೋ ಹೊಡೆಸಿಕೊಂಡು ಕೈಗೆ ಕೊಡುವ ಅಂತರರಾಷ್ಟ್ರೀಯ ಸರ್ಟಿಫಿಕೇಟು ನಮ್ಮೂರಿನ ಬಸ್‌ಸ್ಟ್ಯಾಂಡ್ ದಾಟುವುದಿಲ್ಲ.

ಒಂದು ದಿನದ "ಸೆಮಿನಾರ್"ಗಳಿಗೆ ಈಗಲೇ ಹೋಗಬೇಡಿ. ಕೈ ಪಳಗಿದ ಮೇಲೆ ಹೋದರೆ ಅಲ್ಲಿಂದ ಒಂದೆರಡು ಹೊಸ ಉಪಾಯ ತರುತ್ತೀರಿ. ಈಗ ಹೋದರೆ ಬರೀ ಸೆಲ್ಫಿ ತರುತ್ತೀರಿ.

ಕಲಿಯಲೇಬೇಕಾದದ್ದು: ಚರ್ಮ

ಹೊಸಬರು ಐಶ್ಯಾಡೋ ಬ್ಲೆಂಡಿಂಗ್ ಮೇಲೆ ಜೀವ ತೇಯುತ್ತಾರೆ. ಮದುಮಗಳು ಅಳುವುದು ಐಶ್ಯಾಡೋಗಲ್ಲ, ಬೇಸ್, ಅಂದರೆ ಎಲ್ಲಕ್ಕೂ ಮೊದಲು ಮುಖಕ್ಕೆ ಹಚ್ಚುವ ಪದರ, ಕೆಟ್ಟಾಗ.

ನಮ್ಮ ಕಡೆಯ ಬಹಳಷ್ಟು ಮುಖಗಳಲ್ಲಿ ಹಣೆ ಒಂದು ಬಣ್ಣ, ಕೆನ್ನೆ ಒಂದು ಬಣ್ಣ, ಬಾಯಿ ಸುತ್ತ ಇನ್ನೊಂದು. ಕಣ್ಣಿನ ಕೆಳಗೆ ಕಪ್ಪು. ಅದರ ಮೇಲೆ ಸೀದಾ ತಿಳಿ ಬಣ್ಣದ, ಕಲೆ ಮುಚ್ಚುವ ಕನ್ಸೀಲರ್ ಬಳಿದರೆ ಬೂದಿ ಬಳಿದ ಹಾಗೆ ಕಾಣುತ್ತದೆ. ಮೊದಲು ಕಿತ್ತಳೆ ಅಥವಾ ಪೀಚ್ ಬಣ್ಣದ ಕರೆಕ್ಟರ್ ತೆಳ್ಳಗೆ ಹಾಕಿ ಕಪ್ಪನ್ನು ಕೊಲ್ಲಬೇಕು, ಆಮೇಲೆ ಫೌಂಡೇಶನ್. ಶೇಡ್ ನೋಡುವುದು ಕೈ ಮೇಲಲ್ಲ, ದವಡೆಯ ಅಂಚಿನಲ್ಲಿ, ಕತ್ತಿನ ಜೊತೆ ಹೋಲಿಸಿ, ಕಿಟಕಿ ಬೆಳಕಿನಲ್ಲಿ. ಛತ್ರದ ಕೋಣೆಯ ಟ್ಯೂಬ್‌ಲೈಟ್ ನಂಬಿದರೆ ಮಂಟಪದಲ್ಲಿ ಮಾನ ಹೋಗುತ್ತದೆ. ನನ್ನ ಬ್ಯಾಗಿನಲ್ಲಿ ಸ್ವಂತದ ರಿಂಗ್‌ಲೈಟೂ ಉದ್ದನೆಯ ಎಕ್ಸ್‌ಟೆನ್ಷನ್ ವೈರೂ ಸದಾ ಇರುತ್ತವೆ. ಛತ್ರ ಕಟ್ಟಿಸಿದವರು ಕನ್ನಡಿಯ ಹತ್ತಿರ ಪ್ಲಗ್ ಯಾಕೆ ಇಡಿಸುವುದಿಲ್ಲ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

"ಸ್ವಲ್ಪ ಬೆಳ್ಳಗೆ ಮಾಡಿ" ಅಂತ ಕೇಳುತ್ತಾರೆ. ಮದುಮಗಳಲ್ಲ, ಅತ್ತೆ ಕಡೆಯವರು. ಆಗ ವಾದಕ್ಕೆ ಇಳಿಯಬೇಡಿ. ಮದುವೆಗೆ ಮುಂಚೆ ಮೇಕಪ್ ಹಾಕಿ ನೋಡುವ ಟ್ರಯಲ್ ದಿನ ಅರ್ಧ ಮುಖಕ್ಕೆ ಸರಿಯಾದ ಶೇಡ್, ಇನ್ನರ್ಧಕ್ಕೆ ಎರಡು ಶೇಡ್ ತಿಳಿ ಬಣ್ಣದ್ದು ಹಾಕಿ, ಫ್ಲ್ಯಾಶ್ ಹಾಕಿ ಫೋಟೋ ತೆಗೆದು ತೋರಿಸಿ. ಮುಖ ಒಂದು, ಕೈ ಇನ್ನೊಂದು ಆಗಿ ಕಂಡಾಗ ಅವರೇ ಸುಮ್ಮನಾಗುತ್ತಾರೆ. ಫ್ಲ್ಯಾಶ್ ಅಂದಾಗ ನೆನಪಾಯಿತು. ಬಿಳಿಯ ಸಿಲಿಕಾ ಪೌಡರ್ ಜಾಸ್ತಿ ಹಾಕಿದರೆ, ಅಥವಾ ಜಿಂಕ್, ಟೈಟೇನಿಯಂ ಇರುವ ಸನ್‌ಸ್ಕ್ರೀನ್ ಕೆಳಗಿದ್ದರೆ, ಕಣ್ಣಿಗೆ ಚೆನ್ನಾಗಿ ಕಂಡ ಮುಖ ಕ್ಯಾಮೆರಾದಲ್ಲಿ ಮೈದಾ ಎರಚಿದ ಹಾಗೆ ಬರುತ್ತದೆ. ಮೇಕಪ್ ಮುಗಿದ ಮೇಲೆ ಮೊಬೈಲ್ ಫ್ಲ್ಯಾಶಿನಲ್ಲಿ ಒಂದು ಫೋಟೋ ತೆಗೆಯದೆ ಯಾರನ್ನೂ ಕುರ್ಚಿಯಿಂದ ಏಳಿಸಬೇಡಿ.

ಆಮೇಲೆ ನಮ್ಮ ಶಾಸ್ತ್ರಗಳು. ಇವನ್ನು ಯಾವ ಕೋರ್ಸೂ ಕಲಿಸುವುದಿಲ್ಲ. ಹಿಂದಿನ ದಿನದ ಅರಿಶಿನ ಮುಖದ ಮೇಲೆ ಹಳದಿ ಉಳಿಸಿರುತ್ತದೆ, ಟ್ರಯಲ್‌ನಲ್ಲಿ ಕೂತ ಶೇಡ್ ಮದುವೆ ದಿನ ಕೂರುವುದಿಲ್ಲ. ಮಂಗಳೂರಿನ ಕ್ಯಾಥೊಲಿಕ್ ಮನೆಗಳ ರೋಸ್ ಶಾಸ್ತ್ರದಲ್ಲಿ ತೆಂಗಿನ ಹಾಲು, ಎಣ್ಣೆ ಸುರಿದಿರುತ್ತಾರೆ, ಮರುದಿನ ಚರ್ಮ ಜಾರುತ್ತದೆ. ಹೋಮದ ಹೊಗೆಗೆ ಕಣ್ಣು ಸುರಿಯುತ್ತದೆ, ವಾಟರ್‌ಪ್ರೂಫ್ ಅಲ್ಲದ ಮಸ್ಕರಾ ಕೆನ್ನೆಗೆ ಇಳಿಯುತ್ತದೆ. ಮೇ ತಿಂಗಳ ಉಡುಪಿಯಲ್ಲಿ ಮಾಡುವ ಬೇಸ್ ಬೇರೆ, ಅದೇ ತಿಂಗಳ ಕಲಬುರಗಿಯ ಒಣ ಬಿಸಿಲಿಗೆ ಮಾಡುವುದು ಬೇರೆ.

ಸೀರೆ ಉಡಿಸುವುದು ಬಾರದಿದ್ದರೆ ನಮ್ಮಲ್ಲಿ ಅರ್ಧ ಕೆಲಸವೇ ಬರುವುದಿಲ್ಲ. ರೇಷ್ಮೆ ಸೀರೆಗೆ ಮೊದಲೇ ನೆರಿಗೆ ಹಿಡಿದು ಇಸ್ತ್ರಿ ಮಾಡಿ ಪೆಟ್ಟಿಗೆಗೆ ಹಾಕುವುದನ್ನು ಕಲಿಯಿರಿ, ಅದಕ್ಕೇ ಬೇರೆ ಸಂಪಾದನೆ ಇದೆ. ಕೊಡವ ಮದುಮಗಳಿಗೆ ನೆರಿಗೆ ಹಿಂದಕ್ಕೆ ಬರಬೇಕು. ಮೊಗ್ಗಿನ ಜಡೆ, ಚೌರಿ ಸೇರಿಸಿ ಹೆಣೆಯುವುದು, ಜಡೆಬಿಲ್ಲೆ ಜಾರದ ಹಾಗೆ ಹೊಲಿಯುವುದು, ಇದನ್ನೆಲ್ಲ ನಿಮ್ಮೂರಿನ ಹೂ ಕಟ್ಟುವ ಅಜ್ಜಿಯ ಹತ್ತಿರ ಕೂತು ಕಲಿಯಿರಿ. ನಾನು ಕಲಿತದ್ದು ಹಾಗೆಯೇ. ಫೀಸು, ಸಂಜೆಗೊಂದು ಕಾಫಿ.

ಯಾರೂ ಕೇಳದಿದ್ದರೂ ಮಾಡಬೇಕಾದದ್ದು

ಲೈಸೆನ್ಸ್ ಇಲ್ಲದ ಕಡೆ ಇನ್ಸ್‌ಪೆಕ್ಟರೂ ಇಲ್ಲ. ಒಂದೇ ಲಿಪ್‌ಸ್ಟಿಕ್ಕನ್ನು ಹತ್ತು ತುಟಿಗೆ ತಿಕ್ಕಿದರೂ ಹೇಳುವವರಿಲ್ಲ. ಹಾಗಾಗಿ ಈ ನಿಯಮಗಳನ್ನು ನಿಮಗೆ ನೀವೇ ಹಾಕಿಕೊಳ್ಳಬೇಕು.

ಲಿಪ್‌ಸ್ಟಿಕ್, ಕ್ರೀಮು ಯಾವುದೇ ಇರಲಿ, ಸ್ಟೀಲ್ ಪ್ಲೇಟಿನ ಮೇಲೆ ಸ್ಪ್ಯಾಚುಲಾದಿಂದ ತೆಗೆದುಕೊಂಡು ಅಲ್ಲಿಂದ ಬ್ರಷ್‌ಗೆ. ಡಬ್ಬಿಗೆ ಬೆರಳು ಹಾಕಬಾರದು. ಮಸ್ಕರಾಕ್ಕೆ ಒಮ್ಮೆ ಬಳಸಿ ಎಸೆಯುವ ಕಡ್ಡಿ, ಒಂದು ಕಣ್ಣಿಗೆ ಒಂದು, ಮತ್ತೆ ಒಳಗೆ ಅದ್ದುವ ಹಾಗಿಲ್ಲ. ಬ್ರಷ್‌ಗಳನ್ನು ಪ್ರತಿ ಮುಖದ ನಂತರ ತೊಳೆಯಬೇಕು. ಒಂದೇ ಮದುವೆಯಲ್ಲಿ ನಾಲ್ಕು ಜನರಿದ್ದರೆ ನಾಲ್ಕು ಸೆಟ್ ಬೇಕು. ಕತ್ತರಿ, ಪ್ಲೇಟು, ಚಿಮಟಕ್ಕೆ 70 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್. ತೆರೆದ ಮಸ್ಕರಾ, ಲಿಕ್ವಿಡ್ ಐಲೈನರ್ ಮೂರರಿಂದ ಆರು ತಿಂಗಳೊಳಗೆ ಕಸಕ್ಕೆ, ಎಷ್ಟೇ ಉಳಿದಿದ್ದರೂ. ಕಣ್ಣು ಕೆಂಪಾಗಿದ್ದರೆ, ತುಟಿ ಮೇಲೆ ಜ್ವರದ ಗುಳ್ಳೆ ಎದ್ದಿದ್ದರೆ ಅಲ್ಲಿಗೆ ನಿಮ್ಮ ಬ್ರಷ್ ಮುಟ್ಟಿಸಬೇಡಿ. ಬಣ್ಣದ ಕಾಂಟ್ಯಾಕ್ಟ್ ಲೆನ್ಸ್ ಬೇಕು ಅಂದರೆ ಮದುಮಗಳೇ ಹಾಕಿಕೊಳ್ಳಲಿ, ಮೇಕಪ್ಪಿಗೆ ಮುಂಚೆಯೇ.

ಟ್ರಯಲ್ ದಿನ ಫೌಂಡೇಶನ್ ಮತ್ತು ಕೃತಕ ರೆಪ್ಪೆಯ ಅಂಟನ್ನು ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಕಳಿಸಿ. ಒಂದೆರಡು ದಿನ ಬಿಟ್ಟು ಫೋನ್ ಮಾಡಿ ಕೇಳಿ. ರೆಪ್ಪೆಯ ಅಂಟಿನಲ್ಲಿ ಲೇಟೆಕ್ಸ್ ಇದ್ದರೆ ಕೆಲವರಿಗೆ ಕಣ್ಣು ಊದಿಕೊಳ್ಳುತ್ತದೆ. ಸ್ಟಿಕರ್ ಬಿಂದಿ ಇಡುವ ಜಾಗದಲ್ಲಿ ಬಿಳಿ ಮಚ್ಚೆ ಆದವರನ್ನು ನೋಡಿರುತ್ತೀರಿ. ಕೆಲವು ಬಿಂದಿಗಳ ಅಂಟಿನಲ್ಲಿರುವ ರಾಸಾಯನಿಕ ಅದಕ್ಕೆ ಕಾರಣ. ಅಂಥವರಿಗೆ ಪೆನ್ಸಿಲ್ಲಿನಿಂದ ಬರೆಯಿರಿ.

ಮದುವೆಗೆ ಆರು ತಿಂಗಳಿಂದ "ಬೆಳ್ಳಗಾಗುವ ಕ್ರೀಮ್" ಹಚ್ಚಿಕೊಂಡು ಬರುವವರು ಇನ್ನೊಂದು ತಲೆನೋವು. ಕೆನ್ನೆ ಕೆಂಪು, ಚರ್ಮ ಕಾಗದದ ಹಾಗೆ ತೆಳು, ಸಣ್ಣ ರಕ್ತನಾಳ ಕಾಣುತ್ತವೆ. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಅಂತ ಟ್ಯೂಬಿನ ಮೇಲೆ ಬರೆದಿದ್ದರೆ ಅದು ಸ್ಟೀರಾಯ್ಡ್. 2018ರಿಂದ ಡಾಕ್ಟರ ಚೀಟಿ ಇಲ್ಲದೆ ಇಂಥವನ್ನು ಮಾರುವಂತಿಲ್ಲ, ಆದರೂ ಸಿಗುತ್ತವೆ. ಆ ಮುಖಕ್ಕೆ ಬ್ಲೀಚು, ಪೀಲಿಂಗ್ ಏನೂ ಮಾಡಬೇಡಿ, ಚರ್ಮದ ಡಾಕ್ಟರ ಹತ್ತಿರ ಕಳಿಸಿ. ಹೆಸರು, ವಿಳಾಸ ಇಲ್ಲದ ಕ್ರೀಮುಗಳಲ್ಲಿ ಪಾದರಸವೂ ಇರಬಹುದು. 2023ರಲ್ಲಿ ಕೇರಳದ ಮಲಪ್ಪುರಂನಲ್ಲಿ ಇಂಥ ಕ್ರೀಮ್ ಬಳಸಿದವರ ಕಿಡ್ನಿಗೆ ಪೆಟ್ಟು ಬಿದ್ದದ್ದು ಸುದ್ದಿಯಾಗಿತ್ತು. ನೀವು ಮಾರಬೇಡಿ, ಕಮಿಷನ್ ಎಷ್ಟೇ ಕೊಟ್ಟರೂ.

ಕಿಟ್ ಕೊಳ್ಳುವಾಗ ಲೇಬಲ್ ಓದಿ. ಬ್ಯಾಚ್ ನಂಬರ್, ತಯಾರಕರ ಲೈಸೆನ್ಸ್ ನಂಬರ್, ಮುಗಿಯುವ ದಿನಾಂಕ ಇರಲೇಬೇಕು. ವಿದೇಶದ್ದಾದರೆ ಆಮದು ನೋಂದಣಿ ನಂಬರ್ ಮತ್ತು ಇಲ್ಲಿ ತರಿಸಿದವರ ವಿಳಾಸ. ದೊಡ್ಡ ಬ್ರ್ಯಾಂಡು ಕಾಲುಭಾಗ ಬೆಲೆಗೆ ಸಿಕ್ಕರೆ ಅದು ನಕಲಿ, ಬೇರೆ ಮಾತಿಲ್ಲ. ಎಲ್ಲ ಒಟ್ಟಿಗೆ ಕೊಳ್ಳಬೇಡಿ. ಮೂರು ಫೌಂಡೇಶನ್ ಇದ್ದರೆ ಬೆರೆಸಿ ಎಂಟು ಶೇಡ್ ಮಾಡಬಹುದು. ನಲವತ್ತು ಬಣ್ಣದ ಐಶ್ಯಾಡೋ ಪೆಟ್ಟಿಗೆಯಲ್ಲಿ ಮುಗಿಯುವುದು ಕಂದು ಮತ್ತು ಬಂಗಾರದ ಬಣ್ಣ ಮಾತ್ರ.

ಒಂದು ಸೀಸನ್ ಬೇರೆಯವರ ಚೀಲ ಹೊರಿ

ಕೋರ್ಸ್ ಮುಗಿದ ಕೂಡಲೇ ಬೋರ್ಡ್ ಹಾಕಬೇಡಿ. ನಿಮ್ಮ ಜಿಲ್ಲೆಯಲ್ಲಿ ಕೆಲಸ ಚೆನ್ನಾಗಿ ಮಾಡುವವರನ್ನು ಹುಡುಕಿ, ಒಂದು ಮದುವೆ ಸೀಸನ್ ಅವರ ಜೊತೆ ಓಡಾಡಿ. ದುಡ್ಡು ಕಡಿಮೆ ಕೊಡುತ್ತಾರೆ. ಪಿನ್ ಎತ್ತಿಕೊಡುವುದು, ಬ್ರಷ್ ತೊಳೆಯುವುದು, ಮದುಮಗಳ ಅತ್ತಿಗೆಗೆ ಸೀರೆ ಉಡಿಸುವುದು, ಇದೇ ಕೆಲಸ. ಆದರೆ ಆರು ಗಂಟೆ ಮುಹೂರ್ತಕ್ಕೆ ಮೂರು ಗಂಟೆಗೆ ಶುರು ಮಾಡಬೇಕಾದರೆ ಎಷ್ಟೊತ್ತಿಗೆ ಮನೆ ಬಿಡಬೇಕು, ಮದುಮಗಳು ರಾತ್ರಿಯ ರಿಸೆಪ್ಷನ್ ಮುಗಿಸಿ ಒಂದು ಗಂಟೆಗೆ ಮಲಗಿ ಊದಿದ ಕಣ್ಣಲ್ಲಿ ಬಂದು ಕೂತರೆ ಏನು ಮಾಡಬೇಕು, ಕೋಣೆ ತುಂಬ ನೆಂಟರು ನಿಂತು ಸಲಹೆ ಕೊಡುವಾಗ ಕೈ ನಡುಗದ ಹಾಗೆ ಲೈನರ್ ಎಳೆಯುವುದು ಹೇಗೆ, ಇದು ಅಲ್ಲಿ ಮಾತ್ರ ಕಲಿಯುವಂಥದ್ದು. ಅವರ ಗಿರಾಕಿಗೆ ನಿಮ್ಮ ನಂಬರ್ ಕೊಡಬೇಡಿ. ಊರು ಚಿಕ್ಕದು, ಗೊತ್ತಾಗುತ್ತದೆ.

ಈಗ ಕಾಗದಪತ್ರ

ಮನೆಯಿಂದಲೇ, ಛತ್ರಕ್ಕೆ ಹೋಗಿ ಮೇಕಪ್ ಮಾಡುವವರಿಗೆ ಮೊದಲು ಬೇಕಾದದ್ದು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಕೇಂದ್ರ ಸರ್ಕಾರದಲ್ಲಿ ಹೆಸರು ಬರೆಸುವುದು. ಆಧಾರ್, ಪ್ಯಾನ್ ಸಾಕು, ಹತ್ತು ನಿಮಿಷದ ಕೆಲಸ, ಪೂರ್ತಿ ಉಚಿತ. ಹುಡುಕಿದಾಗ ಮೇಲೆ ಬರುವ ಎಷ್ಟೋ ತಾಣಗಳು ಫೀಸು ಕೇಳುತ್ತವೆ, ಅವು ಸರ್ಕಾರದ್ದಲ್ಲ. ಇದರ ಜೊತೆ ವ್ಯವಹಾರಕ್ಕೇ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಮನೆ ದುಡ್ಡು, ಕೆಲಸದ ದುಡ್ಡು ಬೆರೆತರೆ ಎರಡೂ ಕಾಣೆಯಾಗುತ್ತವೆ.

ಅಂಗಡಿ ತೆರೆದರೆ ಇನ್ನೂ ಎರಡು. ಒಂದು, ಸ್ಥಳೀಯ ಸಂಸ್ಥೆಯ ಟ್ರೇಡ್ ಲೈಸೆನ್ಸ್. ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ, ಪಟ್ಟಣದಲ್ಲಿ ಪುರಸಭೆ ಅಥವಾ ನಗರಸಭೆ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿವೆ, ನಿಮ್ಮ ರಸ್ತೆ ಯಾವುದಕ್ಕೆ ಸೇರಿದೆ ನೋಡಿಕೊಳ್ಳಿ. ಇನ್ನೊಂದು, 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಕಾರ್ಮಿಕ ಇಲಾಖೆಯಲ್ಲಿ ನೋಂದಣಿ. ತೆರೆದ 30 ದಿನದೊಳಗೆ, ಆನ್‌ಲೈನ್‌ನಲ್ಲೇ ಆಗುತ್ತದೆ. ಬಾಡಿಗೆ ಕರಾರು ಪತ್ರ ಸರಿಯಾಗಿ ಮಾಡಿಸಿದ್ದರೆ ಎರಡೂ ಸುಲಭ.

ಜಿಎಸ್‌ಟಿ ಅಂದ ಕೂಡಲೇ ಹೆದರುತ್ತಾರೆ. ವರ್ಷದ ವಹಿವಾಟು 20 ಲಕ್ಷ ದಾಟುವ ತನಕ ಸೇವೆ ಕೊಡುವವರು ನೋಂದಾಯಿಸಬೇಕಾಗಿಲ್ಲ. ದಾಟಿದರೂ, ಸೌಂದರ್ಯ ಸೇವೆಗಳ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ 18 ಶೇಕಡಾ ಇದ್ದದ್ದು 5ಕ್ಕೆ ಇಳಿದಿದೆ. ಆದರೆ ಸಾಮಾನು ಕೊಂಡಾಗ ಕಟ್ಟಿದ ತೆರಿಗೆಯನ್ನು ಅದರಲ್ಲಿ ಹೊಂದಿಸಿಕೊಳ್ಳುವ ಹಾಗಿಲ್ಲ.

ಸಾಲ ಬೇಕಾದರೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000ದವರೆಗೆ ಅಡಮಾನ ಇಲ್ಲದೆ ಸಿಗುತ್ತದೆ. ಸಾಂಪ್ರದಾಯಿಕ ಕಸುಬಿನವರಿಗೆ ಇರುವ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಸಿಗುತ್ತಾ ಅಂತ ಬಹಳ ಜನ ಕೇಳುತ್ತಾರೆ. ಅದರ 18 ಕಸುಬುಗಳಲ್ಲಿ ಕ್ಷೌರಿಕರು ಇದ್ದಾರೆ, ಹೂಮಾಲೆ ಕಟ್ಟುವವರು ಇದ್ದಾರೆ, ಬ್ಯೂಟಿಷಿಯನ್ ಇಲ್ಲ.

ಮದುವೆಯಾಗಿ ಅಮೆರಿಕಕ್ಕೆ ಹೋಗುವವರಿಗೆ ಒಂದು ಮಾತು. ಇಲ್ಲಿಯ ಯಾವ ಸರ್ಟಿಫಿಕೇಟೂ ಅಲ್ಲಿ ಲೈಸೆನ್ಸ್ ಆಗುವುದಿಲ್ಲ. ಅಲ್ಲಿ ಪ್ರತಿ ರಾಜ್ಯಕ್ಕೂ ತನ್ನದೇ ನಿಯಮ. ಕ್ಯಾಲಿಫೋರ್ನಿಯಾದಲ್ಲಿ ಚರ್ಮದ ಆರೈಕೆ, ಮೇಕಪ್ ಸೇರಿದ ಎಸ್ತೆಟಿಷಿಯನ್ ಲೈಸೆನ್ಸಿಗೆ 600 ಗಂಟೆ ಕಲಿತು ಪರೀಕ್ಷೆ ಬರೆಯಬೇಕು. ಕೂದಲೂ ಸೇರಿದ ಕಾಸ್ಮೆಟಾಲಜಿಗೆ 1,000 ಗಂಟೆ. 2022ಕ್ಕೆ ಮುಂಚೆ ಅದು 1,600 ಇತ್ತು. ಎಚ್-4 ವೀಸಾದಲ್ಲಿ, ಅಂದರೆ ಗಂಡನ ಕೆಲಸದ ವೀಸಾದ ಆಧಾರದ ಮೇಲೆ, ಇರುವವರು ಕೆಲಸದ ಅನುಮತಿ ಪತ್ರ ಬರುವ ತನಕ ಸ್ನೇಹಿತೆಯ ಸೀಮಂತಕ್ಕೆ ಕೂಡ ದುಡ್ಡು ತೆಗೆದುಕೊಂಡು ಮೇಕಪ್ ಮಾಡಬಾರದು. ಸುಮ್ನೆ ಮಾಡಿಕೊಡಿ, ಊಟ ಮಾಡಿ ಬನ್ನಿ.

ರೇಟು ಮತ್ತು ಬುಕ್ಕಿಂಗ್

ಪಕ್ಕದ ಪಾರ್ಲರಿನವರು ಎಷ್ಟು ತೆಗೆದುಕೊಳ್ಳುತ್ತಾರೋ ಅದಕ್ಕಿಂತ ಐನೂರು ಕಡಿಮೆ ಅಂತ ರೇಟು ಇಡಬೇಡಿ. ಲೆಕ್ಕ ಹಾಕಿ. ಉದಾಹರಣೆಗೆ ಒಂದು ಮದುವೆಗೆ 12,000 ಅಂದುಕೊಳ್ಳಿ. ರೆಪ್ಪೆ, ಪಿನ್ನು, ಸ್ಪ್ರೇ, ಖಾಲಿಯಾದ ಸಾಮಾನು ಸೇರಿ 1,800. ಸಹಾಯಕಿಗೆ 1,500. ಬೆಳಗಿನ ಜಾವದ ಕಾರು 1,200. ಟ್ರಯಲ್‌ಗೆ ಹೋದ ಅರ್ಧ ದಿನ, ಬ್ರಷ್ ತೊಳೆದ ಮರುದಿನ, ಇವಕ್ಕೂ ಬೆಲೆ ಇದೆ. ಉಳಿಯುವುದು 7,500. ಅದೂ ತಿಂಗಳ ಎಲ್ಲ ದಿನ ಬರುವುದಿಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲಿ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ. ಹೊಸ ಪಂಚಾಂಗ ಬಂದ ದಿನವೇ ಮುಹೂರ್ತಗಳಿಗೆ ಗುರುತು ಹಾಕಿಕೊಂಡು, ಖಾಲಿ ತಿಂಗಳಿಗೆ ಅಂತ ದುಡ್ಡು ತೆಗೆದಿಡಿ.

ಬುಕ್ಕಿಂಗ್ ಎಲ್ಲವೂ ವಾಟ್ಸಾಪ್‌ನಲ್ಲಿ ಬರಹದಲ್ಲೇ ಇರಲಿ, ನೆಂಟರಾದರೂ ಸರಿ. ದಿನಾಂಕ, ಛತ್ರದ ಹೆಸರು, ಎಷ್ಟು ಗಂಟೆಗೆ ಕುರ್ಚಿಯಲ್ಲಿ ಕೂರಬೇಕು, ಎಷ್ಟು ಜನರಿಗೆ ಮೇಕಪ್, ಎಷ್ಟು ಅಡ್ವಾನ್ಸ್, ಮದುವೆ ಮುಂದೆ ಹೋದರೆ ಅಡ್ವಾನ್ಸ್ ಏನಾಗುತ್ತದೆ. ಉಳಿದ ದುಡ್ಡು ಮದುಮಗಳು ಕೋಣೆಯಿಂದ ಹೊರಗೆ ಹೋಗುವ ಮೊದಲೇ ಬರಬೇಕು. ಧಾರೆ ಮುಗಿದ ಮೇಲೆ ದುಡ್ಡು ಕೊಡುವವರನ್ನು ಹುಡುಕುವುದು, ಊಟದ ಪಂಕ್ತಿಯಲ್ಲಿ ಚಪ್ಪಲಿ ಹುಡುಕಿದಷ್ಟೇ ಕಷ್ಟ. ಫೋಟೋ ಇನ್‌ಸ್ಟಾಗ್ರಾಮಿಗೆ ಹಾಕಬಹುದಾ ಅಂತ ಅದೇ ಮೆಸೇಜಿನಲ್ಲಿ ಕೇಳಿ, ಬೇಡ ಅಂದರೆ ಬಿಡಿ.

ಇನ್ನೊಬ್ಬ ಮೇಕಪ್ ಆರ್ಟಿಸ್ಟಿನ ನಂಬರ್ ಸದಾ ಫೋನಿನಲ್ಲಿ ಇರಲಿ, ನಿಮ್ಮ ಊರಿನವರದೇ, ನಿಮ್ಮಷ್ಟೇ ಚೆನ್ನಾಗಿ ಮಾಡುವವರದ್ದು. ಎರಡು ವರ್ಷದ ಹಿಂದೆ ಮಾಘದ ಒಂದು ರಾತ್ರಿ ಎರಡೂವರೆಗೆ ನನಗೆ 103 ಡಿಗ್ರಿ ಜ್ವರ, ನಾಲ್ಕಕ್ಕೆ ಮದುಮಗಳು ಕೂರಬೇಕಿತ್ತು. ಊರಿಗೆಲ್ಲ ನಾವಿಬ್ಬರೂ ಪೈಪೋಟಿ ಅಂತ ಗೊತ್ತಿದ್ದ ಆಕೆಗೇ ಫೋನ್ ಮಾಡಿದೆ. ಮೂರನೇ ರಿಂಗಿಗೆ ಎತ್ತಿ, "ಶೇಡ್ ಯಾವುದು ಹೇಳ್ರೀ, ಹೊರಟೆ" ಅಂದರು.